ವಿಮಾನದ ಬಾಲ ಬಿಗಿದವಳು

ಮುಂಡಗೋಡದ ಸಂತೆ ಮೈದಾನದ ಹಿಂದೆ, ಮರದ ಅಡ್ಡೆಗೆ ಹೋಗುವ ದಾರಿಯಲ್ಲಿ, ಚಾಂದಬಿಯ ಹೊಲಿಗೆ ಯಂತ್ರ ಒಂದು ಕಾಲಕ್ಕೆ ದಿನವಿಡೀ ಸದ್ದು ಮಾಡುತ್ತಿತ್ತು. ಆ ಯಂತ್ರವೂ ಅವಳೂ ಆ ಊರಿಗೆ ಒಂದೇ ದಿನ ಬಂದವರು. ಗಂಡ ಸವಣೂರಿನಲ್ಲಿ ವಿಷಮಜ್ವರದಿಂದ ತೀರಿಹೋದ ಮೇಲೆ ಅತ್ತೆಮನೆಯವರು ಅವಳ ಊಟಕ್ಕೆ ಮುಖ ಸಿಂಡರಿಸತೊಡಗಿದರು. ಸುದ್ದಿ ತಿಳಿದ ಅಣ್ಣ ವಜೀರ ಮರ ಇಳಿಸಿದ ಲಾರಿಯನ್ನು ನೇರ ಅವರ ಓಣಿಗೇ ತಂದು ನಿಲ್ಲಿಸಿದ. ಯಾರ ಜೊತೆಗೂ ಜಗಳ ಆಡಲಿಲ್ಲ. ಹೊಲಿಗೆ ಯಂತ್ರವನ್ನು ತಾನೇ ಹೆಗಲ ಮೇಲೆ ಹೊತ್ತು ಲಾರಿಗೇರಿಸಿ, ತಂಗಿಯನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು ಮನೆಗೆ ಬಂದ. ದಾರಿಯುದ್ದಕ್ಕೂ ಅವಳು ಅಳುತ್ತಿದ್ದಳು, ಅವನು ಗಾಡಿ ಹೊಡೆಯುತ್ತಿದ್ದ. ಅಂದಿನಿಂದ ಅಣ್ಣನ ಮಾತೆಂದರೆ ಅವಳಿಗೆ ಕಲ್ಲಿನಲ್ಲಿ ಕೊರೆದ ಹಾಗೆ.

ವಜೀರ ಕೆಲಸ ಮಾಡುತ್ತಿದ್ದದ್ದು ಉಳವಪ್ಪನ ಅಡ್ಡೆಯಲ್ಲಿ. ಉಳವಪ್ಪ ಮರದ ಗುತ್ತಿಗೆದಾರ. ಜೋಯಿಡಾ, ಹಳಿಯಾಳದ ಕಾಡುಗಳಿಂದ ದಿಮ್ಮಿ ತರಿಸುವುದಕ್ಕೆ ಎರಡು ಹಳೆಯ ಲಾರಿಗಳನ್ನು ಇಟ್ಟಿದ್ದ. ಅವೆರಡರಲ್ಲೂ ಉಸಿರು ಉಳಿಸಿ ಓಡಿಸುತ್ತಿದ್ದವನು ವಜೀರ. ಇಂಜಿನ್ನಿನ ಕೆಮ್ಮು ಕೇಳಿಯೇ ಅದರ ರೋಗ ಹೇಳುತ್ತಿದ್ದ.

ಉಳವಪ್ಪನಿಗೆ ಮರದ ವ್ಯಾಪಾರ ತಂದೆಯಿಂದ ಬಂದದ್ದು. ಅವನ ಮನಸ್ಸು ಮಾತ್ರ ಬೇರೆ ಕಡೆ ಇತ್ತು. ಮುಂಬಯಿಯಲ್ಲಿ ಓದುತ್ತಿದ್ದಾಗ ಅಲ್ಲಿನ ಒಂದು ಕ್ಲಬ್ಬಿನಲ್ಲಿ ವಿಮಾನ ಹಾರಿಸಲು ಕಲಿತಿದ್ದ. ತಂದೆ ಸತ್ತ ಮೇಲೆ ಊರಿಗೆ ಬಂದು ಗಾದಿಯ ಮೇಲೆ ಕೂತರೂ ಕಣ್ಣು ಆಕಾಶದ ಕಡೆಗೇ. ಆ ಹೊತ್ತಿನಲ್ಲಿ ಇಂಗ್ಲೆಂಡಿನ ಪತ್ರಿಕೆಗಳಲ್ಲಿ, ಮನೆಯಲ್ಲೇ ವಿಮಾನ ಕಟ್ಟಿಕೊಳ್ಳುವುದು ಹೇಗೆಂದು ನಕ್ಷೆಗಳು ಬರುತ್ತಿದ್ದವು. ಒಬ್ಬರು ಕೂರುವಂಥದು, ಮರದ ಎಲುಬಿನದು, ಬಟ್ಟೆಯ ಚರ್ಮದ್ದು. ಮರಕ್ಕೆ ನನ್ನಲ್ಲಿ ಬರವೇ ಎಂದು ಉಳವಪ್ಪ ಒಂದು ನಕ್ಷೆ ತರಿಸಿದ. ಇಂಜಿನ್ನು ಹಡಗಿನಲ್ಲಿ ಬಂತು. ಅಡ್ಡೆಯ ಹಿಂದಿನ ಕೊಟ್ಟಿಗೆಯಲ್ಲಿ ಕೆಲಸ ಶುರುವಾಯಿತು. ಅದು ಸಾವಿರದ ಒಂಬೈನೂರ ಮೂವತ್ತೇಳರ ಮಳೆಗಾಲ.

ಎಲುಬು ಕಟ್ಟಿದವನು ಮಾನ್ವೆಲ್. ಹಳಿಯಾಳದ ಕಡೆಯ ಸಿದ್ದಿ ಕ್ರೈಸ್ತರವನು, ಬಾಚಿ ಹಿಡಿದರೆ ಮರ ಮಾತು ಕೇಳುತ್ತಿತ್ತು. ಇಂಜಿನ್ನು ವಜೀರನ ಪಾಲಿಗೆ. ರೆಕ್ಕೆಗೆ ಬಟ್ಟೆ ಹೊದಿಸಿ ಹೊಲಿಯುವವರು ಬೇಕಾದಾಗ ವಜೀರ ತಂಗಿಯ ಹೆಸರು ಹೇಳಿದ. ತಾಯಿ ದಿಲಶಾದ ಒಪ್ಪಲಿಲ್ಲ. ವಿಧವೆ ಹೆಂಗಸು ಗಂಡಸರ ನಡುವೆ ಕೊಟ್ಟಿಗೆಯಲ್ಲಿ ಕೂತು ಹೊಲಿಯುವುದೇನು ಎಂದು ರೇಗಿದಳು. ತಾನು ಜೊತೆಗೇ ಇರುತ್ತೇನಲ್ಲ ಎಂದು ವಜೀರ ಅವಳನ್ನು ಒಲಿಸಿದ.

ಚಾಂದಬಿ ಹೊಲಿದ ಬಟ್ಟೆಗೆ ಉಳವಪ್ಪ ಒಂದು ಘಾಟು ಬಣ್ಣ ಬಳಿದ. ಅದು ಒಣಗಿದಂತೆ ಬಟ್ಟೆ ಬಿಗಿದು ಹಲಗೆಯಂತಾಯಿತು. ಬೆರಳಿನಿಂದ ಬಡಿದರೆ ಸದ್ದು ಬರುತ್ತಿತ್ತು. ಅವಳಿಗೆ ಅಂಥ ಸಂತೋಷ ಬಹಳ ದಿನದಿಂದ ಆಗಿರಲಿಲ್ಲ.

ಹೊಲಿಗೆ ಮುಗಿದ ಮೇಲೆ ಅವಳ ಕೆಲಸವೂ ಮುಗಿಯಬೇಕಿತ್ತು. ಆದರೆ ಬಾಲದ ಹತ್ತಿರ ತೊಡಕಾಯಿತು. ವಿಮಾನದ ಬಾಲಕ್ಕೆ ಅಡ್ಡಡ್ಡ ಒಂದು ಹಲಗೆ ಇರುತ್ತದೆ, ಮೂಗು ಏಳುವುದೂ ಇಳಿಯುವುದೂ ಅದರ ಮೇಲೆ ನಿಂತಿರುತ್ತದೆ. ಅದನ್ನು ಮೈಗೆ ಕೂಡಿಸುವುದು ನಾಲ್ಕು ಬೋಲ್ಟು. ಕೊಟ್ಟಿಗೆಯ ಬಾಗಿಲು ಕಿರಿದು. ರೆಕ್ಕೆಗಳನ್ನೇನೋ ಹಿಂದಕ್ಕೆ ಮಡಚಬಹುದಿತ್ತು, ಈ ಹಲಗೆ ಮಡಚುವಂಥದಲ್ಲ. ಹೀಗಾಗಿ ವಿಮಾನ ಹೊರಗೆ ಒಯ್ಯುವಾಗೆಲ್ಲ ಬಾಲ ಬಿಚ್ಚಬೇಕು, ಬಯಲಿಗೆ ಹೋಗಿ ಮತ್ತೆ ಕೂಡಿಸಬೇಕು. ನಟ್ಟು ಬರುವುದು ಒಳಗೆ, ಬಟ್ಟೆಯಲ್ಲಿ ಬಿಟ್ಟ ಸಣ್ಣ ಕಿಂಡಿಯ ಆಚೆಗೆ. ವಜೀರ ತನ್ನ ದಪ್ಪ ಮುಂಗೈಯನ್ನು ಅದರಲ್ಲಿ ತುರುಕಿ, ಚರ್ಮ ತರಚಿಕೊಂಡು ಶಪಿಸುತ್ತಿದ್ದ. ಚಾಂದಬಿಯ ಕೈ ಸಲೀಸಾಗಿ ಹೋಗಿ ಬರುತ್ತಿತ್ತು.

ಉಳವಪ್ಪ ಅವಳನ್ನು ಎದುರಿಗೆ ಕೂರಿಸಿಕೊಂಡು ಆ ನಟ್ಟಿನ ಗುಣ ಹೇಳಿಕೊಟ್ಟ. ಲಾರಿಯ ನಟ್ಟಿನಂಥದಲ್ಲ ಅದು. ಮೇಲ್ತುದಿಯಲ್ಲಿ ಕೆಂಪು ನಾರಿನ ಒಂದು ಬಳೆ ಕೂಡಿಸಿರುತ್ತಾರೆ, ಆ ಬಳೆಯಲ್ಲಿ ಮರೆ, ಅಂದರೆ ತಿರುಪಿನ ಗೆರೆ, ಇರುವುದಿಲ್ಲ. ಮೊದಲ ಸುತ್ತುಗಳನ್ನು ಬೆರಳಿನಿಂದ ತಿರುಗಿಸಬಹುದು. ಬೋಲ್ಟಿನ ತುದಿ ನಾರನ್ನು ಮುಟ್ಟಿದ ಕೂಡಲೇ ನಟ್ಟು ನಿಂತುಬಿಡುತ್ತದೆ. ಅಲ್ಲಿಂದ ಪಾನಾ ಹಾಕಿ ಒತ್ತಾಯದಿಂದ ತಿರುಗಿಸಬೇಕು. ಬೋಲ್ಟು ತನ್ನ ಮರೆಯನ್ನು ನಾರಿನಲ್ಲಿ ತಾನೇ ಕೊರೆದುಕೊಳ್ಳುತ್ತದೆ, ನಾರು ಅದನ್ನು ಕಚ್ಚಿ ಹಿಡಿಯುತ್ತದೆ. ಇಂಜಿನ್ನು ಎಷ್ಟು ನಡುಗಿದರೂ ಬಿಚ್ಚುವುದಿಲ್ಲ.

ಅವಳು ಮೊದಲ ಸಲ ಮಾಡಿದಾಗ ಪಾನಾ ಬಿಗಿಯಾದದ್ದು ತಿಳಿದು, ಆಯಿತೆಂದು ಕೈ ತೆಗೆದಳು. ಉಳವಪ್ಪ ಹಲಗೆಯನ್ನು ಅಲುಗಿಸಿ ತೋರಿಸಿದ. ನಟ್ಟು ಇನ್ನೂ ತಳ ಮುಟ್ಟಿರಲಿಲ್ಲ. ನಾರಿನ ಎಳೆತವೇ ಬೇರೆ, ಬಿಗಿತವೇ ಬೇರೆ, ಆ ಎಳೆತ ಎಷ್ಟೆಂದು ಕೈಗೆ ಗೊತ್ತು ಮಾಡಿಕೊಂಡು ಅದರ ಮೇಲೆ ಬಿಗಿಯಬೇಕು ಎಂದ. ಎರಡನೆಯ ಸಲ ಅವಳು ಹೆಚ್ಚು ಬಿಗಿದಳು, ವಾಶರು ಮರದೊಳಗೆ ಇಳಿದು ಮಾನ್ವೆಲ್ ಮುಖ ಕಿವುಚಿದ. ಮೂರನೆಯ ಸಲ ಸರಿಯಾಯಿತು. ಬೋಲ್ಟಿನ ತುದಿ ನಾರಿನ ಬಳೆಯನ್ನು ದಾಟಿ ಒಂದೆರಡು ಮರೆ ಹೊರಗೆ ಬಂದಿದೆಯೇ ಎಂದು ಬೆರಳಿನಿಂದ ಸವರಿ ನೋಡುವುದನ್ನೂ ಕಲಿತಳು.

“ಇನ್ನೊಂದ ಮಾತು,” ಎಂದ ಉಳವಪ್ಪ. “ಒಮ್ಮಿ ಬಿಚ್ಚಿದ ನಟ್ಟ ಬಾಲಕ್ಕ ತಿರುಗಿ ಹಾಕಬ್ಯಾಡ. ಪ್ರತಿ ಸಲ ನಾರು ಸವೀತೈತಿ. ಬೆರಳಿಲೆ ತಿರುಗಿಸಿದ್ರ ಕಡೀತನಕ ಹೋತಂದ್ರ ಅದು ಸತ್ತ ನಟ್ಟು. ಮ್ಯಾಲ ಕೂತಾಂವ ನಾ, ನೆನಪಿಡು.”

ಹೊಸ ನಟ್ಟುಗಳ ಸಣ್ಣ ಡಬ್ಬಿಯನ್ನು ಅವನು ಅವಳ ಕೈಗೇ ಕೊಟ್ಟ. ಅಷ್ಟು ಜನರಲ್ಲಿ ತನ್ನ ಕೈಗೆ ಕೊಟ್ಟನಲ್ಲ ಎಂಬುದು ಚಾಂದಬಿಗೆ ದೊಡ್ಡ ಮಾತಾಯಿತು. ಮನೆಯಲ್ಲಿ ಅಣ್ಣನಿಗೂ ಈ ಪಾಠವನ್ನೆಲ್ಲ ಒಪ್ಪಿಸಿದಳು. ಅವನು ನಗುತ್ತ ಕೇಳಿದ. ಲಾರಿಯಲ್ಲಿ ಒಂದೇ ನಟ್ಟು ಹತ್ತು ವರ್ಷ ತಿರುಗುತ್ತದೆ, ಸಾಹುಕಾರರದು ಮುಂಬಯಿಯ ಚಾಳಿ ಎಂದ.

ಸುಗ್ಗಿ ಮುಗಿದ ಮೇಲೆ ಸನವಳ್ಳಿಯ ಗದ್ದೆಗಳ ಬದು ಒಡೆದು ಉದ್ದನೆಯ ಬಯಲು ಮಾಡಿದರು. ಮೈಯನ್ನು ಲಾರಿಗೆ ಕಟ್ಟಿ ಎಳೆದು, ಬಾಲವನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೋದರು. ಚಾಂದಬಿ ಗದ್ದೆಯ ಕೂಳೆಯ ಮೇಲೆ ಮಂಡಿಯೂರಿ ನಾಲ್ಕು ಹೊಸ ನಟ್ಟು ಬಿಗಿದಳು. ಉಳವಪ್ಪ ಹಾರಿದ, ಇಳಿದ. ಕೆಲವು ದಿನ ಬಿಟ್ಟು ಮತ್ತೆ ಹಾರಿದ, ಪಾಳಾದವರೆಗೂ ಹೋಗಿ ಬಂದ. ಎರಡು ಸಲವೂ ಬಾಲ ಬಿಚ್ಚಿದಾಗ ಹಳೆಯ ನಟ್ಟುಗಳನ್ನು ಅವಳು ಬೇರೆ ತೆಗೆದಿಟ್ಟಳು. ಲಾರಿಯ ಪಕ್ಕದ ಹಲಗೆಗೆ ಆಗುತ್ತವೆಂದು ವಜೀರ ಇಸಕೊಂಡ.

ಕಾರವಾರದಿಂದ ಒಬ್ಬ ದೊಡ್ಡ ಸಾಹೇಬ ವಿಮಾನ ನೋಡಲು ಬರುತ್ತಾನೆಂದು ಆಮೇಲೆ ಸುದ್ದಿಯಾಯಿತು. ಊರೇ ಸನವಳ್ಳಿಗೆ ಹೊರಡುವ ಗಡಿಬಿಡಿ. ಹಿಂದಿನ ದಿನವೇ ಬಾಲ ಕೂಡಿಸಿ, ಕಾವಲಿಟ್ಟು ಬರುವುದೆಂದು ನಿಶ್ಚಯಿಸಿದರು. ಆ ಮಧ್ಯಾಹ್ನ ವಜೀರ ತಂಗಿಗೆ ಬರಬೇಡ ಎಂದ. ಬಯಲಿನಲ್ಲಿ ಪೊಲೀಸರೂ ಗುಮಾಸ್ತರೂ ತುಂಬಿದ್ದಾರೆ, ಮನೆಯ ಹೆಂಗಸನ್ನು ಅವರೆದುರು ಮಣ್ಣಿನಲ್ಲಿ ಕೂರಿಸಿದರೆ ತನ್ನ ಮಾನವೇನು ಎಂದ. ಅದರಲ್ಲಿ ತಪ್ಪೂ ಕಾಣಲಿಲ್ಲ ಅವಳಿಗೆ. ಡಬ್ಬಿಯನ್ನು ಅವನ ಕೈಗಿಟ್ಟು, ಕಿಂಡಿಯಲ್ಲಿ ಕೈ ಹೇಗೆ ಓರೆ ಮಾಡಬೇಕೆಂದು ತೋರಿಸಿದಳು. ಅತ್ತಿಗೆ ಮಕ್ಕಳ ಜೊತೆ ತವರಿಗೆ ಹೋಗಿದ್ದಳು. ಆಮೇಲೆ ಪಡಸಾಲೆಯಲ್ಲಿ ತಾಯಿಯ ಎದುರು ಕೂತು, ಸಂಜೆಯವರೆಗೂ ಒಂದೇ ಮೊರದಲ್ಲಿ ಇಬ್ಬರೂ ಅಕ್ಕಿ ಆರಿಸಿದರು.

ವಜೀರ ಮನೆಗೆ ಬಂದವನು ಕೈ ತೊಳೆಯುತ್ತಿದ್ದಾಗ ಅವಳು ಕೇಳಿದಳು. ಹೊಸ ನಟ್ಟನ್ನೇ ಹಾಕಿದೆಯಾ ಎಂದು.

“ಹೊಸಾವ ಹಾಕೇನಿ,” ಎಂದ ವಜೀರ. “ಕಡೀತನಕ ಎಳದ ಎಳದ ಬಂದ್ವು. ಒಂದೆರಡು ಮರಿ ಹೊರಗ ಬಂದಾವ, ಬೆರಳಿಲೆ ಮುಟ್ಟಿ ನೋಡೇನಿ.”

ಅವಳು ಹೇಳಿಕೊಟ್ಟ ಮಾತುಗಳೇ. ಅವಳಿಗೆ ನೆಮ್ಮದಿಯಾಯಿತು.

ಮರುದಿನ ಚಾಂದಬಿ ಹೆಂಗಸರ ಜೊತೆ ಕೆರೆಯ ಏರಿಯ ಮೇಲೆ ನಿಂತು ನೋಡಿದಳು. ವಿಮಾನ ಚೆನ್ನಾಗಿಯೇ ಎದ್ದಿತು. ಬಯಲಿನ ಮೇಲೆ ಒಂದು ಸುತ್ತು ಹಾಕಿ, ಕಾಡಿನ ಅಂಚಿನಲ್ಲಿ ತಿರುಗಿ ಬರುವಾಗ ಬಾಲದ ಹಲಗೆ ಒಂದು ಕಡೆ ವಾಲಿದ್ದು ಅಷ್ಟು ದೂರದಿಂದಲೂ ಅವಳಿಗೆ ಕಂಡಿತು. ಬೇರೆ ಯಾರಿಗೂ ಏನೂ ತಿಳಿಯಲಿಲ್ಲ, ಕೈ ಬೀಸುತ್ತಲೇ ಇದ್ದರು. ಮೂಗು ಬಗ್ಗಿತು, ಎದ್ದಿತು, ಮತ್ತೆ ಬಗ್ಗಿತು. ಒಡೆಯದೆ ಉಳಿದಿದ್ದ ಒಂದು ಬದುವಿಗೆ ಬಡಿದು ವಿಮಾನ ಮಗುಚಿತು.

ಅವಳು ಓಡಿಹೋಗುವಷ್ಟರಲ್ಲಿ ಉಳವಪ್ಪನನ್ನು ಹೊರಗೆಳೆದಿದ್ದರು. ಸೊಂಟದ ಕೆಳಗೆ ಕಾಲು ತಿರುಚಿಕೊಂಡಿತ್ತು, ಪ್ರಜ್ಞೆ ಇತ್ತು. ಅವನನ್ನು ಸಾಹೇಬನ ಮೋಟಾರಿನಲ್ಲಿ ಮಲಗಿಸಿ, ತಲೆ ಮಾನ್ವೆಲ್‌ನ ತೊಡೆಯ ಮೇಲಿಟ್ಟು ಹುಬ್ಬಳ್ಳಿಗೆ ಒಯ್ದರು. ಜನವೆಲ್ಲ ಮೋಟಾರಿನ ಹಿಂದೆ ಓಡಿತು. ಚಾಂದಬಿ ಬಾಲದ ಹತ್ತಿರ ಹೋದಳು. ಹಲಗೆ ಜೋತುಬಿದ್ದಿತ್ತು. ಒಂದು ಬೋಲ್ಟು ಇರಲೇ ಇಲ್ಲ. ಇನ್ನೊಂದು ಇತ್ತು, ನಟ್ಟು ಇರಲಿಲ್ಲ. ಹರಿದ ಬಟ್ಟೆಯೊಳಗೆ ಕೈ ಹಾಕಿ ಮೂರನೆಯದನ್ನು ಎರಡು ಬೆರಳಿನಿಂದ ಹಿಡಿದು ತಿರುಗಿಸಿದಳು. ಎಲ್ಲಿಯೂ ತಡೆಯದೆ ಕೊನೆಯವರೆಗೂ ತಿರುಗಿ ಕೈಗೆ ಬಂತು. ಒಳಗಿನ ಕೆಂಪು ನಾರು ಸವೆದು ನುಣ್ಣಗಾಗಿತ್ತು.

ಅಣ್ಣ ಕೆಲವು ಹೆಜ್ಜೆಗಳಾಚೆ ನಿಂತಿದ್ದ. ಅವಳು ಅಂಗೈಯನ್ನು ತೆರೆದು ತೋರಿಸಿದಳು. ಅವನು ನಟ್ಟನ್ನು ನೋಡಿದ, ಅವಳ ಮುಖ ನೋಡಲಿಲ್ಲ. ಕಿಂಡಿಯಲ್ಲಿ ಪಾನಾ ಆಡಲಿಲ್ಲ, ಕತ್ತಲಾಗುತ್ತಿತ್ತು, ಜೇಬಿನಲ್ಲಿದ್ದ ಹಳೆಯವು ಬೆರಳಿಗೇ ಹೋದವು ಎಂದು ತೊದಲಿದ. ಗಾಬರಿಯಾದ ಅಣ್ಣನ ಮೇಲೆ ಆ ಗಳಿಗೆಯಲ್ಲಿ ಅವಳಿಗೆ ಕನಿಕರವೇ ಬಂದಿತ್ತು. ಹೇಳಬೇಕಾದದ್ದನ್ನು ಅವನೇ ಹೇಳುತ್ತಾನೆ, ತಾನು ಪಕ್ಕದಲ್ಲಿ ನಿಲ್ಲುತ್ತೇನೆ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಅಡ್ಡೆಯಲ್ಲಿ ಹತ್ತು ಜನ ಸೇರಿದರು. ಉಳವಪ್ಪನ ಸೋದರಮಾವ ಈಶಪ್ಪ ನಡುವೆ ಕೂತು, ಬಾಲ ಕೂಡಿಸಿದವರು ಯಾರು ಎಂದು ಕೇಳಿದ. ಚಾಂದಬಿ ತಾಯಿಯ ಜೊತೆ ಬಾಗಿಲಲ್ಲಿ ನಿಂತಿದ್ದಳು. ವಜೀರ ಮುಂದೆ ಬಂದ.

“ಬಾಲದ ನಟ್ಟ ಬಿಗಿಯೂದು ಮೊದಲಿಂದ ನಮ್ಮ ತಂಗೀದ ಕೆಲಸರಿ,” ಎಂದ. “ಮೊನ್ನಿ ಸಂಜಿಕನೂ ಆಕಿನ ಬಿಗದ್ಲು. ನಾ ಇಂಜಿನ್ ನೋಡಾಕತ್ತಿದ್ನಿ.”

ಚಾಂದಬಿಗೆ ಮೊದಲು ಅರ್ಥವೇ ಆಗಲಿಲ್ಲ. ಬೇರೆ ಯಾರ ತಂಗಿಯ ಮಾತು ಎಂಬಂತೆ ಕೇಳಿಸಿಕೊಂಡಳು. ಅರ್ಥವಾದ ಮೇಲೆ ತಾನು ಅಲ್ಲಿ ಇರಲೇ ಇಲ್ಲ, ಮನೆಯಲ್ಲಿದ್ದೆ, ಅಮ್ಮನನ್ನು ಕೇಳಿ ಎಂದಳು. ಈಶಪ್ಪ ದಿಲಶಾದಳ ಕಡೆ ತಿರುಗಿದ. ಮುದುಕಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

“ಸಂಜಿಕ ಆಕಿ ಎಲ್ಲಿದ್ಲೋ ನನಗ ಖಬರಿಲ್ರಿ,” ಎಂದಳು. “ನಾ ನಮಾಜಿಗೆ ಕುಂತಿದ್ನಿ.”

ಬಯಲಿನಲ್ಲಿದ್ದ ಪೊಲೀಸರು, ಗುಮಾಸ್ತರು ಆಗಲೇ ಹೊರಟುಹೋಗಿದ್ದರು, ಮಾನ್ವೆಲ್ ಹುಬ್ಬಳ್ಳಿಯಲ್ಲಿದ್ದ. ಅಷ್ಟೇ ಸಾಕಾಯಿತು. ಹೆಂಗಸಿನ ಕೈಗೆ ಅಂಥ ಕೆಲಸ ಕೊಟ್ಟದ್ದೇ ತಪ್ಪು ಎಂದು ಈಶಪ್ಪ ಎದ್ದುಹೋದ. ಕಾಲಿಗೆ ಬಿದ್ದು ಅಳುವ, ಆಣೆ ಹಾಕುವ ಜಾತಿಯವಳಲ್ಲ ಚಾಂದಬಿ. ಮನೆಗೆ ಬಂದು ತಾಯಿಯನ್ನು ಒಂದೇ ಮಾತು ಕೇಳಿದಳು, ಯಾಕೆಂದು. ಅವನಿಗೆ ಹೆಂಡತಿ ಮಕ್ಕಳಿದ್ದಾರೆ, ಕೆಲಸ ಹೋದರೆ ಮನೆಯ ಒಲೆ ಆರುತ್ತದೆ, ನಿನಗೆ ಹೋಗುವುದೇನಿದೆ ಎಂದಳು ತಾಯಿ.

ಹೋಗುವುದು ಇತ್ತು. ಚಾಂದಬಿ ಹೊಲಿದದ್ದು ನಡುದಾರಿಯಲ್ಲಿ ಬಿಚ್ಚುತ್ತದೆ ಎಂದು ಸಂತೆಯಲ್ಲಿ ನಗೆಯಾಡತೊಡಗಿದರು. ಕುಪ್ಪಸದ ಬಟ್ಟೆ ತರುವವರು ನಿಂತರು. ಯುಗಾದಿಗೂ ಮೊದಲೇ ಅವಳು ಹಳಿಯಾಳಕ್ಕೆ ಹೊರಟಳು. ಇರು ಎಂದು ಯಾರೂ ಅನ್ನಲಿಲ್ಲ. ಹೊಲಿಗೆ ಯಂತ್ರವನ್ನು ಲಾರಿಗೆ ಏರಿಸಿಕೊಟ್ಟವನು ವಜೀರನೇ.

ಹಳಿಯಾಳದಲ್ಲಿ ಗೋಣಿಚೀಲ ಹೊಲಿದಳು, ಆಮೇಲೆ ಲಾರಿಗಳ ತಾಡಪತ್ರಿ ಹೊಲಿದಳು. ಬದುಕು ಸಾಗಿತು. ಉಳವಪ್ಪ ಕೋಲೂರಿಕೊಂಡು ಊರಿಗೆ ಬಂದನೆಂದು ಕೇಳಿದಳು. ಅವನು ಕರೆಸಿ ಕೇಳಿಯಾನು ಎಂದು ಒಂದು ಮಳೆಗಾಲವೆಲ್ಲ ಕಾದಳು. ಕರೆ ಬರಲಿಲ್ಲ. ಅಣ್ಣ, ತಾಯಿ ಮಾಡಿದ್ದನ್ನು ಹಲ್ಲು ಕಚ್ಚಿ ನುಂಗಿದ್ದಳು. ಆದರೆ ಎದುರು ಕೂರಿಸಿಕೊಂಡು ಕಲಿಸಿದ ಮನುಷ್ಯ, ಅವಳ ಕೈಗೆ ಡಬ್ಬಿ ಕೊಟ್ಟ ಮನುಷ್ಯ, ತನ್ನ ಕಾಲು ಮುರಿದವಳು ಇವಳೇ ಎಂದು ನಂಬಿಕೊಂಡು ಕೂತಿದ್ದಾನಲ್ಲ ಎಂಬುದು ಮಾತ್ರ ಅವಳನ್ನು ಬಿಡಲಿಲ್ಲ. ಸೂಜಿಗೆ ದಾರ ಪೋಣಿಸುವಾಗಲೂ ಅವನಿಗೆ ಏನು ಹೇಳಬೇಕೆಂದು ಮಾತು ಜೋಡಿಸುತ್ತಿದ್ದಳು.

ಹೀಗೆ ಆರು ವರ್ಷ ಕಳೆದವು. ಯುದ್ಧದ ಕಾಲ. ದಾಂಡೇಲಿಯ ಕಾಡಿನಿಂದ ಮರ ಹಗಲಿರುಳೆನ್ನದೆ ಇಳಿಯುತ್ತಿತ್ತು, ಹಳಿಯಾಳದ ತುಂಬ ಲಾರಿ. ಒಂದು ದಿನ ಮಾನ್ವೆಲ್ ಅವಳ ಬಾಗಿಲಿಗೆ ಬಂದ. ವಿಮಾನ ಬಿದ್ದ ತಿಂಗಳೊಳಗೇ ಉಳವಪ್ಪ ಅವನನ್ನು ಹುಬ್ಬಳ್ಳಿಯಿಂದಲೇ ಜೋಯಿಡಾದ ಕಾಡಿನ ಕೆಲಸಕ್ಕೆ ಕಳಿಸಿದ್ದ, ಅವನು ಅಲ್ಲಿಯೇ ನೆಲೆಸಿದ್ದ. ಈಗ ಬಾಚಿ ಉಳಿ ಇಡುವುದಕ್ಕೆ ಒಂದು ದಪ್ಪ ಚೀಲ ಬೇಕಾಗಿತ್ತು. ಗುರುತು ಹಿಡಿದು ಸಂತೋಷಪಟ್ಟ. ಮುಂಡಗೋಡ ಬಿಟ್ಟು ಇಲ್ಲಿ ಯಾಕೆ ಎಂದು ಕೇಳಿದ. ಅವಳು ಇದ್ದದ್ದು ಹೇಳಿದಳು. ಮಾನ್ವೆಲ್ ಕೂತಲ್ಲಿಂದ ಎದ್ದು ನಿಂತ.

“ಅದ್ಹೆಂಗ ಸಾಧ್ಯ,” ಎಂದ. “ಹುಬ್ಬಳ್ಳಿ ದವಾಖಾನ್ಯಾಗ ಅವತ್ತ ನಾ ಸಾವಕಾರ್ರಿಗೆ ಹೇಳಿದ್ನಿ. ಬಾಲ ಹಿಡಕೊಂಡು ನಿಂತಾಂವ ನಾ, ವಜೀರ ಜೇಬಿನ್ಯಾಗಿಂದ ನಟ್ಟ ತಗದ ಹಾಕಿದ್ದ, ಅವು ಹಳೇವು ಅಂತ ಬಿದ್ದಮ್ಯಾಲ ತಿಳೀತು ಅಂತ. ಹ್ಞೂಂ, ನಾ ನೋಡಿಕೊಳ್ತೇನಿ ಅಂದ್ರು. ನಿಮ್ಮ ಹೆಸರ ಯಾಕ ಬಂತು ಇದರಾಗ?”

ಚಾಂದಬಿ ಯಂತ್ರಕ್ಕೆ ಮುಸುಕು ಹಾಕಿದಳು. ಮರುದಿನ ಬೆಳಗಿನ ಬಸ್ಸಿಗೆ ಮುಂಡಗೋಡಕ್ಕೆ ಹೋದಳು.

ಉಳವಪ್ಪ ಗಾದಿಯ ಮೇಲೆ ಕಾಲು ಚಾಚಿ ಕೂತಿದ್ದ. ಅವಳನ್ನು ಕಂಡು ಕಣ್ಣು ಕೆಳಗೆ ಹಾಕಿದ. ಆರು ವರ್ಷ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಅವಳಿಗೆ ಉಪಯೋಗಕ್ಕೆ ಬರಲಿಲ್ಲ. ಅವೆಲ್ಲ ಏನೂ ತಿಳಿಯದವನಿಗಾಗಿ ಜೋಡಿಸಿದ್ದವು.

“ನಿಮಗ ಗೊತ್ತಿತ್ತು,” ಎಂದಳು.

“ಗೊತ್ತಿತ್ತು,” ಎಂದ ಅವನು. “ವಜೀರನ್ನ ಬಿಡಿಸಿದ್ರ ಲಾರಿ ನಿಲ್ಲತಿದ್ವು. ಅಂವನ ಬಿಟ್ರ ಅವು ಯಾರ ಕೈಗೂ ಬಗ್ಗತಿರಲಿಲ್ಲ. ನಾ ಹಾಸಿಗಿ ಹಿಡದಿದ್ನಿ, ಮನೀ ನಡೀಬೇಕಿತ್ತು. ನೀ ಹೆಣ್ಣಮಗಳು, ಎಲ್ಲೆರೆ ಹೊಲಿಕೊಂಡು ಇರ್ತಿ ಅಂದಕೊಂಡೆ.”

ಬೈದಿದ್ದರೆ, ಅನುಮಾನಿಸಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. ಲೆಕ್ಕ ಹಾಕಿ ತನ್ನನ್ನು ಪಕ್ಕಕ್ಕೆ ಸರಿಸಿದ್ದ ಈ ಮೆತ್ತನೆಯ ದನಿಯನ್ನು ಮಾತ್ರ ತಾಳಲಾಗಲಿಲ್ಲ. ಅಂದು ಸೇರಿದ್ದ ಜನರ ಎದುರಿಗೆ, ಇದೇ ಅಂಗಳದಲ್ಲಿ, ಇದ್ದದ್ದನ್ನು ಹೇಳಬೇಕು ಎಂದು ಕೇಳಿದಳು. ಬೇರೇನೂ ಬೇಡ. ಆಗಲಿ, ಸಂತೆಯ ದಿನ ಎಲ್ಲರೂ ಇರುತ್ತಾರೆ, ಅಂದು ಬಾ ಎಂದ ಉಳವಪ್ಪ.

ಸಂತೆಯ ದಿನ ಅವಳು ಹೋದಳು. ಗಾದಿ ಖಾಲಿ ಇತ್ತು. ಸಾಹುಕಾರರು ಬೆಳಿಗ್ಗೆಯೇ ದಾಂಡೇಲಿಗೆ ಹೋದರೆಂದು ಈಶಪ್ಪ ಹೇಳಿ, ಚಹಾ ತರಿಸಲೇ ಎಂದ. ಚಹಾ ಬೇಡವೆಂದು ಚಾಂದಬಿ ಅಂಗಳದ ನಡುವೆ ನಿಂತಳು. ಗರಗಸದವರು, ಚಕ್ಕಡಿಯವರು, ಈಶಪ್ಪ, ಲಾರಿಯ ಕೆಳಗಿನಿಂದ ಕಾಲು ಮಾತ್ರ ಕಾಣುತ್ತಿದ್ದ ವಜೀರ, ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಯಾರು ಹಾಕಿದರು, ಯಾರು ನೋಡಿದರು, ಯಾರಿಗೆ ತಿಳಿದಿತ್ತು ಎಂದು. ಲಾರಿಯ ಕೆಳಗೆ ಪಾನಾದ ಸದ್ದು ನಿಂತಿತು. ಅವಳು ಹೇಳಿ ಮುಗಿಸಿದ ಮೇಲೆ ಮತ್ತೆ ಶುರುವಾಯಿತು. ವಜೀರ ಹೊರಗೆ ಬರಲಿಲ್ಲ. ಕೇಳಿದವರಲ್ಲಿ ಕೆಲವರು ತಲೆಯಾಡಿಸಿದರು. ಹಳೆಯ ಮಾತು ಈಗ ಯಾಕಮ್ಮ ಎಂದ ಈಶಪ್ಪ.

ಅಲ್ಲಿಂದ ಅವಳು ತಾಯಿಯ ಮನೆಗೆ ಹೋದಳು. ದಿಲಶಾದಳಿಗೆ ಈಗ ಕಣ್ಣು ಮಂಜಾಗಿತ್ತು. ಮಗಳ ಹೆಜ್ಜೆ ಗುರುತಿಸಿ, ಬಾ ಎಂದು ಚಾಪೆ ಸರಿಸಿದಳು. ಚಾಂದಬಿ ಕೂರಲಿಲ್ಲ.

“ಅವತ್ತ ನಾ ನಿನ್ನ ಮುಂದ ಅಕ್ಕಿ ಆರಿಸಾಕತ್ತಿದ್ನಿ, ಅಮ್ಮಾ,” ಎಂದಳು.

“ಹೌದು,” ಎಂದಳು ಮುದುಕಿ. “ಮರ್ತಿಲ್ಲ ನಾ. ಇವತ್ತ ಕೇಳಿದ್ರೂ ಅವತ್ತ ಹೇಳಿದ್ದನ್ನ ಹೇಳ್ತೇನಿ. ಇಬ್ಬರೊಳಗ ಒಬ್ಬರನ್ನ ಉಳಿಸಿಕೋಬೇಕಿತ್ತು.”

ಚಾಂದಬಿ ತಾಯಿಯ ಹೂಜಿಗೆ ನೀರು ತುಂಬಿಸಿ, ಕೈಗೆ ಸಿಗುವಲ್ಲಿ ಇಟ್ಟು, ಮಧ್ಯಾಹ್ನದ ಬಸ್ಸು ಹಿಡಿದಳು.

ಆಮೇಲೆ ಅವಳು ಬಹಳ ವರ್ಷ ಹಳಿಯಾಳದಲ್ಲೇ ಇದ್ದಳು. ತಾಯಿ ಹೋದಾಗ ಬಂದು ಮಣ್ಣು ಮಾಡುವುದನ್ನು ಮುಗಿಸಿ ಹಿಂತಿರುಗಿದಳು, ಅಣ್ಣನ ಜೊತೆ ಮಾತಾಡಲಿಲ್ಲ. ಅವನು ಮಗಳ ಮದುವೆಗೆ ಕರೆಯಲು ಬಂದಾಗ ನೀರು ಕೊಟ್ಟಳು, ಮದುವೆಗೆ ಹೋಗಲಿಲ್ಲ. ಒಂದು ಮಳೆಗಾಲದಲ್ಲಿ ಉಳವಪ್ಪನ ಹೊಸ ಡ್ರೈವರ್ ಹರಿದ ತಾಡಪತ್ರಿಯೊಂದನ್ನು ತಂದು ಅವಳ ಜಗಲಿಯ ಮೇಲೆ ಹಾಕಿದ. ಯಾರದೆಂದು ಕೇಳಿದಳು. ಹೆಸರು ಹೇಳಿದ. ಇದನ್ನು ಸಾಹುಕಾರರೇ ತಂದು ಕೊಡಲಿ, ಹೊಲಿಯುತ್ತೇನೆ ಎಂದು ಮಡಚಿ ಅವನ ಹೆಗಲಿಗೆ ಹಾಕಿದಳು. ಅವನು ಮಳೆಯಲ್ಲಿ ನೆನೆಯುತ್ತ ಹೋದ. ಉಳವಪ್ಪ ಬರಲಿಲ್ಲ. ಅವಳು ಅವನಿಗಾಗಿ ಕಾಯುತ್ತಲೂ ಇರಲಿಲ್ಲ, ಆ ವಾರ ಕೈತುಂಬ ಕೆಲಸವಿತ್ತು.